ನಾನು ನಪಾಸು ಮಾಡಿದ ಸೂಲಗಿತ್ತಿಯರು

ನನ್ನ ತಮ್ಮನ ಮೊಮ್ಮಗಳು ಈ ವರ್ಷ ಒಂದು ವೈದ್ಯಕೀಯ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಲ್ಲಿ ಕಲಿಸುವ ಪಾಠ ಕಲಿಯುವವರಿಗೆ ಎಷ್ಟು ಹತ್ತುತ್ತಿದೆ ಎಂದು ನೋಡುವ ವಿಭಾಗ ಅವಳದು. ಸೇರಿದ ಮೊದಲ ವಾರವೇ ಫೋನು ಮಾಡಿದಳು. "ಅಜ್ಜಿ, ನೀವೂ ಇದ ಕೆಲಸಾ ಮಾಡ್ತಿದ್ರಂತ. ಫಾರ್ಮ್ ತುಂಬಸೂದು, ಕೂಡಿಸಿ ಮ್ಯಾಲ ಕಳಸೂದು. ಇಷ್ಟಕ್ಕ ಇಷ್ಟು ಓದಬೇಕಾಗಿತ್ತೇನು ಅನಸ್ಲಿಕ್ಕತ್ತದ" ಎಂದಳು.

ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಬರೆದು ಕಳಿಸುತ್ತೇನೆ ಅಂದೆ. ಬರೆಯಲು ಕುಳಿತಾಗ ನನಗೆ ಯಾವಾಗ ಬಡ್ತಿ ಬಂತು, ನಿವೃತ್ತಿಯ ದಿನ ಯಾರು ಭಾಷಣ ಮಾಡಿದರು ಎಂಬುದೇನೂ ನೆನಪಿಗೆ ಬರಲಿಲ್ಲ. ನಾನು ಮಾಡಿದ ಒಂದು ದೊಡ್ಡ ತಪ್ಪು, ಅದನ್ನು ನನ್ನಿಂದಲೇ ತಿದ್ದಿಸಿದ ಒಬ್ಬ ಮೇಲಧಿಕಾರಿ, ಮತ್ತೆ ಓದು ಬರಹ ಬಾರದ ಕೆಲವು ಹೆಂಗಸರು, ಇಷ್ಟೇ ಕಣ್ಣಿಗೆ ಕಟ್ಟಿದ್ದು.

ನಾನು ಸವಣೂರಿನವಳು. ನಮ್ಮ ತಂದೆ ಮನೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದರು. ಶಿಷ್ಯ ಎದುರಿಗೆ ಕುಳಿತು ತಪ್ಪಿಲ್ಲದೆ ಒಪ್ಪಿಸಿದರೆ ಪಾಠ ಬಂದಂತೆ. ತಡವರಿಸಿದರೆ ಬಂದಿಲ್ಲ ಎಂದೇ ಅರ್ಥ. ಈ ಲೆಕ್ಕ ನನ್ನ ರಕ್ತದಲ್ಲಿತ್ತು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು, ಒಂದು ವೈದ್ಯಕೀಯ ಕಾಲೇಜಿಗೆ ಹೊಂದಿಕೊಂಡ ಗ್ರಾಮೀಣ ತರಬೇತಿ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು. ಡಾಕ್ಟರ್ ಪರೀಕ್ಷೆ ಪಾಸಾದ ಹುಡುಗರು ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಕೆಲವು ತಿಂಗಳು ಕೈಕೆಲಸ ಕಲಿಯಬೇಕಿತ್ತು; ಅವರಿಗೆ ಇಂಟರ್ನಿಗಳು ಅನ್ನುತ್ತಿದ್ದೆವು. ನರ್ಸುಗಳಿಗೂ ಸೂಲಗಿತ್ತಿಯರಿಗೂ ನಮ್ಮ ವಿಭಾಗವೇ ತರಬೇತಿ ಕೊಡುತ್ತಿತ್ತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕು ನಮ್ಮ ಪಾಲಿನವು. ಕಲಿಸಿದ್ದು ಹತ್ತಿತೋ ಇಲ್ಲವೋ ಅಳೆದು ವರದಿ ಬರೆಯುವುದು ನನ್ನ ಕೆಲಸ.

ವಿಭಾಗದ ಮುಖ್ಯಸ್ಥರು ಡಾಕ್ಟರ್ ದೊಡ್ಡಮನಿ. ಮಾಸೂರಿನ ಕಡೆಯವರು. ತಂದೆ ತಾಯಿ ಮದಗದ ಕೆರೆಯ ಕೆಳಗೆ ಬೇರೆಯವರ ಗದ್ದೆಯಲ್ಲಿ ನಾಟಿ ಮಾಡಿ ಇವರನ್ನು ಓದಿಸಿದ್ದರು. ಇವರ ಮನೆಯಲ್ಲಿ ಬುದ್ಧನ ಪಟ ಒಂದಿತ್ತು. ಇನ್ನು ಇದ್ದದ್ದೆಲ್ಲ ಪುಸ್ತಕ. ಗಿಡ್ಡ ಆಳು, ಮೆತ್ತಗಿನ ದನಿ. ಸಿಟ್ಟು ಬಂದಾಗ ಆ ದನಿ ಇನ್ನೂ ಮೆತ್ತಗಾಗುತ್ತಿತ್ತು. ನಾನು ಅದನ್ನು ಕೇಳಿದ್ದು ಒಂದೇ ಸಲ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹಾನಗಲ್ಲಿನಲ್ಲಿ ಇಪ್ಪತ್ತೆರಡು ಸೂಲಗಿತ್ತಿಯರಿಗೆ ಒಂದು ತಿಂಗಳ ತರಬೇತಿ ಮುಗಿದಿತ್ತು. ಪ್ರತಿಯೊಬ್ಬರಿಗೂ ಒಂದು ತಗಡಿನ ಪೆಟ್ಟಿಗೆ ಕೊಟ್ಟಿದ್ದೆವು. ಅದರಲ್ಲಿ ಸಾಬೂನು, ಉಗುರುಜ್ಜುವ ಬ್ರಶ್ಶು, ಬ್ಲೇಡು, ದಾರ, ಬಟ್ಟೆ, ಇವನ್ನು ಕುದಿಸಲಿಕ್ಕೆ ಒಂದು ಸಣ್ಣ ಪಾತ್ರೆ. ಮೂರು ತಿಂಗಳ ಮೇಲೆ ಅವರನ್ನೆಲ್ಲ ಮತ್ತೆ ಕರೆಸಿ ಪರೀಕ್ಷೆ ಮಾಡಬೇಕೆಂದು ಆದೇಶ ಬಂತು. ಅದೇ ಹೊತ್ತಿಗೆ ಡಾಕ್ಟರ್ ದೊಡ್ಡಮನಿಯವರು ವಿಷಮಜ್ವರದಿಂದ ಹಾಸಿಗೆ ಹಿಡಿದಿದ್ದರು. ನಾನೊಬ್ಬಳೇ ಮಾಡಬಲ್ಲೆ ಎಂಬ ಹುಮ್ಮಸ್ಸಿನಲ್ಲಿ ಇಪ್ಪತ್ತು ಪ್ರಶ್ನೆ ತಯಾರಿಸಿದೆ. ಅವರಿಗೆ ಓದಲು ಬಾರದು, ಆದ್ದರಿಂದ ನಾನೇ ಕೇಳುವುದು, ಅವರು ಬಾಯಿಂದ ಹೇಳುವುದು. ಸರಿಯಾದ ಉತ್ತರಗಳ ಪಟ್ಟಿ ನನ್ನ ಮುಂದೆ.

ಒಬ್ಬೊಬ್ಬರೇ ಬಂದು ಮುಂದೆ ಕುಳಿತರು. ಮಾಸೂರಿನ ಹತ್ತಿರದ ಯಮನವ್ವ ಎಂಬಾಕೆ ಬಂದದ್ದು ಚೆನ್ನಾಗಿ ನೆನಪಿದೆ. ಐವತ್ತರ ಆಸುಪಾಸಿನ ಹೆಂಗಸು, ಒಣಗಿದ ಕೈ, ಹಣೆಯಲ್ಲಿ ದೊಡ್ಡ ಕುಂಕುಮ.

"ಹೊಕ್ಕಳಬಳ್ಳಿ ಕುದಿಸಿದ ಬ್ಲೇಡಿನಿಂದನ ಯಾಕ ಕೊಯ್ಯಬೇಕು?" ಎಂದು ಕೇಳಿದೆ.

"ನೀವ ಹೇಳೀರಲ್ಲರಿ ಅಕ್ಕೋರ, ಅದಕ್ಕ."

ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುತ್ತಾರೆ. ನಾನು ಸೊನ್ನೆ ಬರೆದೆ.

"ಕೂಸಿಗೆ ಧನುರ್ವಾಯು ಎದರಿಂದ ಬರ್ತದ?"

"ಅದನ್ನ ಬರಗೊಡಬಾರದರಿ."

ಸೊನ್ನೆ.

"ಹುಟ್ಟಿದ ಕೂಸು ಉಸುರಾಡ್ಲಿಲ್ಲಂದ್ರ ಏನು ಮಾಡಬೇಕು? ಒಂದೊಂದ ಕ್ರಮವಾಗಿ ಹೇಳ್ರಿ."

ಆಕೆ ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡಳು. "ಅಂಜಬಾರದರಿ" ಎಂದಳು. ಮತ್ತೊಂದು ಸೊನ್ನೆ.

ಅವಳ ಹಿಂದೆ ಬಂಕಾಪುರದ ಕಡೆಯ ಗಂಗವ್ವ ಬಂದಳು. ಇಪ್ಪತ್ತಕ್ಕೆ ಇಪ್ಪತ್ತೂ ಹೇಳಿದಳು, ಅದೂ ನಮ್ಮ ತರಬೇತಿಯ ಪುಸ್ತಕದ ಮಾತಿನಲ್ಲೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ. ಆಕೆಯ ಗಂಡ ಭಜನೆ ಹೇಳುವವನಂತೆ. ಒಮ್ಮೆ ಕೇಳಿದ್ದು ಆ ಮನೆಯಲ್ಲಿ ಯಾರಿಗೂ ಮರೆಯುತ್ತಿರಲಿಲ್ಲ. ನಾನು ಎದ್ದು ನಿಂತು ಶಾಬಾಸ್ ಎಂದೆ.

ಇಪ್ಪತ್ತೆರಡರಲ್ಲಿ ಪಾಸಾದವರು ಮೂವರು. ನಾನೇ ಕುಳಿತು ವರದಿ ಟೈಪು ಮಾಡಿದೆ. ಕೊನೆಗೆ ನನಗೆ ಬಹಳ ಹಿಡಿಸಿದ ಒಂದು ವಾಕ್ಯ ಬರೆದೆ: ಅನಕ್ಷರಸ್ಥ ಸೂಲಗಿತ್ತಿಯರಿಗೆ ಕೊಡುವ ಈ ತರಬೇತಿ ವ್ಯರ್ಥವೆಂದು ಕಂಡುಬರುತ್ತದೆ. ಮುಖ್ಯಸ್ಥರು ಬರುವವರೆಗೂ ಕಾಯದೆ ನೇರವಾಗಿ ಮೇಲಿನ ಕಚೇರಿಗೆ ಕಳಿಸಿಬಿಟ್ಟೆ.

ಅಲ್ಲಿಂದ ಉತ್ತರ ಬರಲು ತಡವಾಗಲಿಲ್ಲ. ಸೂಲಗಿತ್ತಿಯರ ತರಬೇತಿಯನ್ನು ನಿಲ್ಲಿಸಬೇಕು, ಕೊಟ್ಟ ಪೆಟ್ಟಿಗೆಗಳನ್ನು ವಾಪಸು ತರಿಸಬೇಕು. ಎರಡೇ ಸಾಲು.

ಡಾಕ್ಟರ್ ದೊಡ್ಡಮನಿಯವರು ಕೋಲು ಹಿಡಿದು ಕಚೇರಿಗೆ ಬಂದ ಮೊದಲ ದಿನವೇ ಆ ಕಾಗದ ಅವರ ಮೇಜಿನ ಮೇಲಿತ್ತು. ಓದಿದರು. ನನ್ನ ವರದಿಯನ್ನೂ ತರಿಸಿ ಓದಿದರು. ಆಮೇಲೆ ನನ್ನನ್ನು ಕರೆದರು.

"ಪದ್ಮಾಬಾಯಾರ, ಕುಂತ್ಗೊಳ್ರಿ. ಈ ಇಪ್ಪತ್ತೆರಡು ಮಂದ್ಯಾಗ ಒಬ್ಬಾಕಿ ಮಾಡಿಸಿದ ಹೆರಿಗೀನರ ನೀವು ನೋಡೀರೇನು?"

"ಇಲ್ಲ ಸರ್."

"ಯಾವ ಹೆರಿಗೀನೂ ನೋಡಿಲ್ಲ?"

"ಇಲ್ಲ ಸರ್."

ಅವರ ದನಿ ಕೇಳಿಸದಷ್ಟು ಮೆತ್ತಗಾಯಿತು. "ನಮ್ಮೂರಾಗ ದವಾಖಾನಿ ಇರಲಿಲ್ಲ. ನಾನು ಹುಟ್ಟಿದ್ದು ಇಂಥಾಕಿ ಕೈಯಾಗ. ನನಗಿಂತ ಮೊದಲ ಹುಟ್ಟಿದ ಇಬ್ರು ಎಂಟ ದಿನದೊಳಗ ಸೆಟದು ಹೋದ್ರು. ಕುಡಗೋಲಿನಿಂದ ಬಳ್ಳಿ ಕೊಯ್ದಿದ್ರು. ಆ ಮುದುಕಿಗೆ ಯಾರಾದ್ರೂ ಒಂದು ಬ್ಲೇಡ ಕೊಟ್ಟು, ಕುದಿಸಬೇಕಂತ ಹೇಳಿದ್ರ ನನಗ ಇಬ್ರು ಅಣ್ಣಂದಿರು ಇರ್ತಿದ್ರು. ಈಗ ನಾವು ಕೊಟ್ಟೀವಿ. ನಿಮ್ಮ ಕಾಗದ ಅದನ್ನ ಕಸಗೊಂಡ ಬರ್ರಿ ಅನ್ನಾಕತ್ತೈತಿ."

ನನಗೆ ತಲೆ ಎತ್ತಲಾಗಲಿಲ್ಲ. ರಾಜೀನಾಮೆ ಕೊಡುತ್ತೇನೆ ಎಂದುಬಿಟ್ಟೆ.

"ಯಾಕ? ತಪ್ಪು ಮಾಡಿದವರೇ ಓಡಿಹೋದ್ರ ತಿದ್ದವರು ಯಾರು?" ಎಂದರು. "ಹಳ್ಳಿಗೆ ಹೋಗ್ರಿ. ಇವರು ಕೆಲಸಾ ಮಾಡೂದು ನೋಡ್ರಿ. ಕಂಡದ್ದನ್ನ ಬರೀರಿ, ಛಲೋ ಇರ್ಲಿ ಕೆಟ್ಟದ್ದಿರ್ಲಿ. ಅಲ್ಲೀತನಕ ಈ ಕಾಗದ ನನಗ ಮುಟ್ಟಿಲ್ಲ."

ಆದೇಶದ ಕಾಗದವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮೇಲಿನವರಿಗೆ ಗೊತ್ತಾದರೆ ಅವರ ನೌಕರಿಗೇ ಕುತ್ತು. ನನ್ನ ಮೇಲೆ ಅಷ್ಟು ಭರವಸೆ ಇಡಲು ನಾನು ಏನನ್ನೂ ಮಾಡಿರಲಿಲ್ಲ.

ಹೆರಿಗೆ ನೋಡಲು ಹೋಗುವುದೆಂದರೆ ಕಾಯುವುದು. ನಾನು ಮಾಸೂರಿನ ನರ್ಸು ಶಾಂತಾಬಾಯಿಯವರ ಖೋಲಿಯಲ್ಲಿ ಹಾಸಿಗೆ ಬಿಚ್ಚಿದೆ. ಜೀಪಿನ ಡ್ರೈವರ್ ಮಕ್ತುಮಸಾಬರು ಸವಣೂರಿನ ವೀಳ್ಯದೆಲೆ ಬಾಯಿಗೆ ಹಾಕಿಕೊಂಡು, "ಬಾಯಾರ, ಕೂಸುಗೋಳು ಟೈಮ್ ಟೇಬಲ್ ನೋಡಿ ಬರೂದಿಲ್ರಿ" ಎಂದು ನಕ್ಕು ಹೋದರು. ಮೂರು ದಿನ ಸುಮ್ಮನೆ ಕುಳಿತೆ. ನಾಲ್ಕನೇ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ, ಫಕೀರವ್ವ ಎಂಬ ಚೊಚ್ಚಲ ಬಸುರಿಗೆ ಬ್ಯಾನಿ ಎದ್ದಿದೆ ಎಂದು ಸುದ್ದಿ ಬಂತು.

ನಾವು ಹೋಗುವ ಹೊತ್ತಿಗೇ ಯಮನವ್ವ ಗದ್ದೆಯಿಂದ ಬಂದಳು. ಮೊಣಕಾಲವರೆಗೆ ಕೆಸರು. ನನ್ನನ್ನು ಕಂಡು, "ಮತ್ತ ಪರೀಕ್ಷಾ ಏನ್ರಿ ಅಕ್ಕೋರ?" ಎಂದಳು.

"ಏನೂ ಕೇಳೂದಿಲ್ಲ. ಸುಮ್ಮನ ಕೂಡ್ತೀನಿ."

"ಹಂಗಾದ್ರ ಆ ಮೂಲ್ಯಾಗ ಕುಂದರ್ರಿ."

ಮೊದಲು ಕಾಲು ತೊಳೆದಳು. ಆಮೇಲೆ ಫಕೀರವ್ವನ ಅತ್ತೆಯಿಂದ ನೀರು ಹಾಕಿಸಿಕೊಂಡು ಮೊಣಕೈ ತನಕ ಸಾಬೂನು ಹಚ್ಚಿ, ಉಗುರಿನ ಸಂದಿಯನ್ನೆಲ್ಲ ಬ್ರಶ್ಶಿನಿಂದ ತಿಕ್ಕಿದಳು. ತೊಳೆದ ಕೈಯಿಂದ ಬಾಗಿಲು ಮುಟ್ಟಲಿಲ್ಲ, ಭುಜದಿಂದ ದೂಡಿದಳು. ಬ್ಲೇಡು, ದಾರ ಒಲೆಯ ಮೇಲೆ ಕುದಿಯುತ್ತಿದ್ದವು. ನನ್ನ ಪಟ್ಟಿಯಲ್ಲಿ ಒಂದೊಂದಕ್ಕೂ ಗುರುತು ಹಾಕುತ್ತ ಹೋದೆ. ಅತ್ತೆ ಒಂದು ಬಟ್ಟಲಲ್ಲಿ ಕುಳ್ಳಿನ ಬೂದಿ ತಂದು, ಹೊಕ್ಕಳಿಗೆ ಹಚ್ಚಲಿಕ್ಕೆ ಬೇಕೆಂದು ಹತ್ತಿರ ಇಟ್ಟಳು.

ಯಮನವ್ವ ತಿರುಗಿ ನೋಡಿದಳು. "ಅದನ್ನ ಹೊರಗ ಒಯ್ಯಿ. ಹಚ್ಚಿದ್ರ ನಾ ಎದ್ದ ಹೋಗ್ತೇನಿ."

"ಹಿಂದಿನ ಮಂದಿ ಎಲ್ಲಾ ಹಚ್ಯಾರಲ್ಲ?"

"ಹಚ್ಯಾರ. ಹಿಂದಿನ ಕೂಸುಗೋಳು ಎಲ್ಲಿ ಅದಾವ ಎಣಸು ನೋಡೋಣು."

ಅತ್ತೆ ಬಟ್ಟಲು ಎತ್ತಿಕೊಂಡು ಹೋದಳು.

ಮಧ್ಯಾಹ್ನದ ಹೊತ್ತಿಗೆ ಕೂಸು ಬಂತು. ಗಂಡು. ಆದರೆ ಅಳಲಿಲ್ಲ. ಮೈಯೆಲ್ಲ ನೀಲಿ, ಕೈಕಾಲು ಜೋತುಬಿದ್ದಿದ್ದವು. ಫಕೀರವ್ವ ತಲೆ ಎತ್ತಿ, "ಯಾಕ ಅಳವಲ್ದು? ಯಾಕ ಅಳವಲ್ದು?" ಎಂದು ಕೇಳುತ್ತಿದ್ದಳು. ಶಾಂತಾಬಾಯಿಯವರು ಮುಂದೆ ಬಾಗಿದರು, ಅಷ್ಟರಲ್ಲಿ ಯಮನವ್ವ ಕುದಿಸಿದ ಬಟ್ಟೆಯನ್ನು ಬೆರಳಿಗೆ ಸುತ್ತಿ ಕೂಸಿನ ಬಾಯೊಳಗಿನ ಲೋಳೆ ತೆಗೆದಿದ್ದಳು. ತಲೆ ಕೆಳಗೆ ಮಾಡಿ ಬೆನ್ನು ತಿಕ್ಕಿದಳು. ಆಗಲೂ ಇಲ್ಲ. ಮಡಿಲಲ್ಲಿ ಮಲಗಿಸಿಕೊಂಡು, ಕೂಸಿನ ಮೂಗು ಬಾಯಿ ಎರಡರ ಮೇಲೂ ತನ್ನ ಬಾಯಿಟ್ಟು, ಗಲ್ಲದೊಳಗಿನ ಗಾಳಿಯಷ್ಟನ್ನೇ ಊದಿದಳು. ಬಿಟ್ಟಳು. ಮತ್ತೆ ಊದಿದಳು. ನಾವು ತರಬೇತಿಯಲ್ಲಿ ಬಟ್ಟೆಯ ಗೊಂಬೆಯ ಮೇಲೆ ತೋರಿಸಿದ್ದೆವಲ್ಲ, ಹಾಗೆಯೇ. ಎಷ್ಟು ಸಲ ಎಂದು ನಾನು ಎಣಿಸಬೇಕಿತ್ತು. ಎಣಿಸಲಿಲ್ಲ. ನನ್ನ ಪೆನ್ಸಿಲ್ ಎಲ್ಲೋ ಬಿದ್ದಿತ್ತು, ನಾನು ಎರಡೂ ಕೈಯಲ್ಲಿ ಶಾಂತಾಬಾಯಿಯವರ ಸೆರಗು ಹಿಡಿದುಕೊಂಡಿದ್ದೆ.

ಕೂಸು ಬಿಕ್ಕಿತು. ಇನ್ನೊಮ್ಮೆ ಬಿಕ್ಕಿ, ಚೀರಿತು.

ಎಲ್ಲ ಮುಗಿದು, ಯಮನವ್ವ ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಗ ಹತ್ತಿರ ಹೋಗಿ ಕುಳಿತೆ. "ಯಮನವ್ವ, ಅವತ್ತು ಹಾನಗಲ್ಲಾಗ ಇದನ್ನ ಕೇಳಿದ್ದೆ. ಅಂಜಬಾರದು ಅಂದು ಸುಮ್ಮನಾದ್ರಿ. ಇಷ್ಟೆಲ್ಲಾ ಬರ್ತಿತ್ತು, ಯಾಕ ಹೇಳಲಿಲ್ಲ?"

"ಕೂಸು ಮುಂದಿದ್ರ ಕೈಗೆ ನೆನಪಾಗ್ತೈತ್ರಿ ಅಕ್ಕೋರ. ನಿಮ್ಮ ಮುಂದ ಕುಂತ್ರ ನಿಮ್ಮ ಚಾಳೀಸ ಒಂದ ಕಾಣ್ತಿತ್ತು." ಚಾಳೀಸು ಅಂದರೆ ಕನ್ನಡಕ. ಆಕೆ ಬಟ್ಟಲು ಕೆಳಗಿಟ್ಟು, "ಮತ್ತ ಮೊದಲ ಅಂಜಬಾರದರಿ. ಅಂಜಿದ್ರ ಉಳದದ್ದು ಒಂದೂ ಆಗೂದಿಲ್ಲ" ಎಂದಳು.

ನಾನು ಸೊನ್ನೆ ಬರೆದಿದ್ದ ಉತ್ತರ ನನ್ನ ಇಡೀ ಪಟ್ಟಿಯಲ್ಲೇ ಎಲ್ಲಕ್ಕಿಂತ ಸರಿಯಾದದ್ದಾಗಿತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಇನ್ನೊಂದು ತಪ್ಪು ವರದಿ ಬರೆಯುತ್ತಿದ್ದೆ: ಎಲ್ಲ ಸೂಲಗಿತ್ತಿಯರೂ ಪಾಸು ಎಂದು. ಡಾಕ್ಟರು ಬಿಡಲಿಲ್ಲ. "ನಪಾಸಾದಾಕೀನ ನೋಡಿದ್ರಿ, ಪಾಸಾದಾಕೀನೂ ನೋಡ್ರಿ" ಎಂದು ಬಂಕಾಪುರದ ಕಡೆಗೆ ಕಳಿಸಿದರು.

ಗಂಗವ್ವನ ಊರಲ್ಲಿ ಎರಡು ದಿನಕ್ಕೇ ಒಂದು ಹೆರಿಗೆಯಾಯಿತು. ಒಳ್ಳೇ ಕೈಗುಣ ಅವಳದು. ಬಸುರಿಯ ಜೊತೆ ಮಾತಾಡುತ್ತ, ನಡುನಡುವೆ ದೇವರ ನಾಮ ಗುನುಗುತ್ತ, ಸಲೀಸಾಗಿ ಹೆರಿಗೆ ಮಾಡಿಸಿದಳು. ಕೂಸು ಅತ್ತಿತು. ಆಮೇಲೆ ಗೋಡೆಯ ಗೂಟಕ್ಕೆ ಸಿಕ್ಕಿಸಿದ್ದ ಕುಡಗೋಲನ್ನು ತೆಗೆದು ಸೆರಗಿನಿಂದ ಒರೆಸಿದಳು.

ನೋಡಲು ಹೋದವರು ಬಾಯಿ ಹಾಕಬಾರದು ಎಂದು ನಾನೇ ನಿಯಮ ಬರೆದುಕೊಂಡಿದ್ದೆ. ಆದರೂ "ತಡೀರಿ!" ಎಂದು ಕೂಗಿದೆ. "ಪೆಟಿಗಿ ಎಲ್ಲಿ?"

ಗಂಗವ್ವ ಗಾಬರಿಯಾದಳು. "ಮನ್ಯಾಗ ದೇವರ ಜಗಲಿ ಮ್ಯಾಲ ಐತ್ರಿ. ಚೊಕ್ಕ ಇರಬೇಕು, ತಪಾಸ ಮಾಡಾಕ ಬರ್ತೇವಿ ಅಂತ ನೀವ ಹೇಳಿದ್ರಲ್ಲರಿ. ಹೊಲಸಾದ್ರ ಏನು ತೋರಸ್ಲಿ ಅಂತ ಮುಟ್ಟಿಲ್ರಿ."

ಒಬ್ಬಳು ಓಡಿಹೋಗಿ ಪೆಟ್ಟಿಗೆ ತಂದಳು. ಅರಿಷಿಣ ಕುಂಕುಮ ಹಚ್ಚಿದ ಆ ಪೆಟ್ಟಿಗೆಯೊಳಗೆ ಎಲ್ಲವೂ ಕೊಟ್ಟಂತೆಯೇ ಇತ್ತು. ಸಾಬೂನಿನ ಕಾಗದವನ್ನೂ ಬಿಚ್ಚಿರಲಿಲ್ಲ. ಬ್ಲೇಡು ಕುದಿಸಿ ಬಳ್ಳಿ ಕೊಯ್ದದ್ದಾಯಿತು. ಗಂಗವ್ವನ ಕಣ್ಣಲ್ಲಿ ನೀರು. "ನಾ ತಪ್ಪ ಮಾಡಿದ್ನೇನ್ರಿ?" ಎಂದು ಕೇಳಿದಳು. ತರಬೇತಿಯ ಕೊನೆಯ ದಿನ ನಾನೇ ಎದ್ದುನಿಂತು, ತಪಾಸಣೆಗೆ ಬಂದಾಗ ಪೆಟ್ಟಿಗೆ ಚೊಕ್ಕಟ ಇರಬೇಕು ಎಂದು ಎರಡೆರಡು ಸಲ ಹೇಳಿದ್ದೆ. ಆಕೆ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದಳು.

"ತಪ್ಪು ನಂದು, ಗಂಗವ್ವ" ಎಂದೆ. ಅದೇ ಗಂಗವ್ವ ಮುಂದೆ ನಮ್ಮ ಪಾಠಗಳಿಗೆಲ್ಲ ಭಜನೆಯ ಧಾಟಿ ಕೂಡಿಸಿ, ಹೊಸದಾಗಿ ಬಂದವರಿಗೆ ಹೇಳಿಕೊಟ್ಟಳು. ಪೆಟ್ಟಿಗೆ ಇರುವುದು ಹೊಲಸು ಮಾಡಲಿಕ್ಕೇ ಎಂಬ ಸಾಲನ್ನು ಮಾತ್ರ ಇನ್ನಷ್ಟು ಗಟ್ಟಿಯಾಗಿ ಹಾಡಿಸುತ್ತಿದ್ದಳು.

ನಿಯಮ ಮುರಿದು ಬಾಯಿ ಹಾಕಿದ್ದನ್ನು ಡಾಕ್ಟರಿಗೆ ಅಂಜುತ್ತ ಹೇಳಿದೆ. "ನೋಡಾಕ ಹೋದವರು ಕಲ್ಲಾಗಬೇಕಂತ ಯಾರು ಹೇಳ್ಯಾರ?" ಎಂದರು. "ಆದ್ರ ಕೂಗಿದ್ದನ್ನೂ ವರದಿಯೊಳಗ ಬರೀರಿ."

ಅದೇ ವರ್ಷ ಅವರು ಇಂಟರ್ನಿಗಳನ್ನೂ ಇದೇ ರೀತಿಯಲ್ಲಿ ನೋಡಬೇಕೆಂದರು. ಮೈಸೂರು ಕಡೆಯ ಶ್ರೀಧರ ಎಂಬ ಹುಡುಗ ಆಗ ಸವಣೂರಿನಲ್ಲಿದ್ದ. ಕಾಲೇಜಿಗೇ ಮೊದಲಿಗ. ವಾಂತಿಭೇದಿಯಾದವರಿಗೆ ಏನು ಕೊಡಬೇಕು ಎಂದರೆ, ಯಾವ ಲವಣ ಎಷ್ಟು ಎಂದು ಉಸಿರು ಬಿಡದೆ ಹೇಳುತ್ತಿದ್ದ. ಯಲವಿಗಿಯ ಒಂದು ಮನೆಯಲ್ಲಿ ಮೊಮ್ಮಗುವಿಗೆ ಭೇದಿಯಾಗುತ್ತಿತ್ತು. ಡಾಕ್ಟರು ಅವನನ್ನು ಅಲ್ಲಿಗೆ ಕರೆದೊಯ್ದು, ಉಪ್ಪು ಸಕ್ಕರೆಯ ನೀರು ಮಾಡಿ ಕೊಡು ಎಂದರು.

"ಅಜ್ಜಿ, ಒಂದು ಲೀಟರ್ ನೀರು ತಗೊಳ್ಳಿ" ಎಂದ ಶ್ರೀಧರ.

"ನಮ್ಮ ಮನ್ಯಾಗ ಲೀಟರ್ ಇಲ್ಲೋ ತಮ್ಮಾ. ಚರಿಗಿ ಐತಿ" ಎಂದಳು ಅಜ್ಜಿ.

ಚರಿಗೆ ಎಂದರೆ ತಂಬಿಗೆ. ಅದರಲ್ಲಿ ಎಷ್ಟು ನೀರು ಹಿಡಿಯುತ್ತದೆ, ಅದಕ್ಕೆ ಎಷ್ಟು ಚಿಟಿಕೆ ಉಪ್ಪು? ಶ್ರೀಧರ ಚರಿಗೆ ಹಿಡಿದುಕೊಂಡು ನಿಂತುಬಿಟ್ಟ. ಕಿವಿ ಕೆಂಪಾದವು. ಆ ಊರಿನ ಆರೋಗ್ಯ ಕಾರ್ಯಕರ್ತೆ, ಮೂರನೇ ಇಯತ್ತೆ ಓದಿದ ಹೆಂಗಸು, ಎದ್ದು ಬಂದು ಅದೇ ಚರಿಗೆಯ ನೀರಿಗೆ ಉಪ್ಪು ಸಕ್ಕರೆ ಹಾಕಿ ಕದಡಿ, ಮೊದಲು ತಾನು ನೆಕ್ಕಿ ನೋಡಿದಳು. "ಕಣ್ಣೀರಿಗಿಂತ ಉಪ್ಪಾಗಬಾರದ್ರಿ" ಎಂದು ಚಮಚದಿಂದ ಕೂಸಿಗೆ ಹಾಕತೊಡಗಿದಳು. ನಾನು ಅವಳ ಹೆಸರಿನ ಮುಂದೆ ಗುರುತು ಹಾಕಿದೆ, ಶ್ರೀಧರನ ಹೆಸರಿನ ಮುಂದೆ ಹಾಕಲಿಲ್ಲ. ಆದರೆ ಆ ಹುಡುಗನನ್ನು ಮೆಚ್ಚಬೇಕು. ಮುನಿಸಿಕೊಳ್ಳಲಿಲ್ಲ. ಸಂಜೆಯವರೆಗೂ ಆ ಓಣಿಯ ಮನೆಮನೆಯ ಚರಿಗೆಗಳನ್ನು ಅಳೆದು ಪಟ್ಟಿ ಮಾಡಿಕೊಂಡ.

ಇಷ್ಟರಲ್ಲಿ ಮೇಲಿನ ಕಚೇರಿಗೆ ಸುದ್ದಿ ಮುಟ್ಟಿತ್ತು. ಪೆಟ್ಟಿಗೆಗಳು ಏಕೆ ವಾಪಸು ಬಂದಿಲ್ಲ ಎಂದು ಕೇಳಲು ದೊಡ್ಡ ಸಾಹೇಬರೇ ಶಿಗ್ಗಾಂವಿಯ ಪ್ರವಾಸಿ ಮಂದಿರಕ್ಕೆ ಬಂದರು. ಬಿಳಿ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಡಾಕ್ಟರ್ ದೊಡ್ಡಮನಿ ನಿಂತುಕೊಂಡೇ, "ಆದೇಶ ಬಂದಿತ್ತು ಸರ್. ನಾನ ಇಟ್ಕೊಂಡೆ. ತಪ್ಪು ನಂದು. ಕಾರಣ ಈ ಹೊಸ ವರದ್ಯಾಗ ಐತಿ" ಎಂದು ಅದನ್ನು ಮುಂದಿಟ್ಟರು.

ಸಾಹೇಬರು ಓದಿದರು. ಎರಡು ವರದಿಗಳನ್ನೂ ಪಕ್ಕಪಕ್ಕ ಇಟ್ಟರು.

"ಮೊದಲನೇದರಲ್ಲಿ ವ್ಯರ್ಥ ಅಂತಿದೆ. ಇದನ್ನು ಬರೆದವರು ಯಾರು?"

"ನಾನೇ ಸರ್."

"ಎರಡನೇದು?"

"ಅದೂ ನಾನೇ. ಮೊದಲನೇದು ಬರೆದಾಗ ನಾನು ಅವರ ಕೆಲಸ ನೋಡಿರಲಿಲ್ಲ. ಅವರು ನನ್ನ ಹಾಗೆ ಮಾತಾಡಬಲ್ಲರೇ ಎಂದಷ್ಟೇ ನೋಡಿದ್ದೆ."

ಅವರು ಎರಡನೇ ವರದಿಯನ್ನು ಮತ್ತೆ ಮೊದಲಿನಿಂದ ತಿರುವಿದರು. ಹೊರಗೆ ಮಕ್ತುಮಸಾಬರು ಜೀಪಿಗೆ ನೀರು ಹಾಕುವ ಸದ್ದು ಕೇಳುತ್ತಿತ್ತು. "ಎಲ್ಲರೂ ಚೆನ್ನಾಗಿ ಮಾಡುತ್ತಾರೆ ಅಂತ ನೀವು ಇದರಲ್ಲಿ ಬರೆದಿಲ್ಲ" ಎಂದರು ಕೊನೆಗೆ.

"ಇಲ್ಲ ಸರ್. ಕೆಲವರು ಮಾಡುವುದಿಲ್ಲ. ಯಾರು, ಯಾವುದನ್ನು, ಯಾಕೆ ಮಾಡುವುದಿಲ್ಲ ಅಂತ ಬರೆದಿದ್ದೇನೆ. ಅದರಲ್ಲಿ ಕೆಲವು ನಮ್ಮ ಪಾಠದ ತಪ್ಪು."

"ಅದಕ್ಕೇ ನಂಬುತ್ತೇನೆ" ಎಂದು ಅವರು ಪೆನ್ನು ತೆಗೆದರು. ಪೆಟ್ಟಿಗೆಗಳು ಸೂಲಗಿತ್ತಿಯರ ಹತ್ತಿರವೇ ಉಳಿದವು. ತರಬೇತಿ ಮುಂದುವರಿಯಿತು, ಒಂದು ಷರತ್ತಿನೊಂದಿಗೆ: ಇನ್ನು ಮೇಲೆ ಪರೀಕ್ಷೆ ಮಾಡುವವರು ಕೆಲಸ ನಡೆಯುವ ಜಾಗಕ್ಕೇ ಹೋಗಬೇಕು. ಆದೇಶ ಬಚ್ಚಿಟ್ಟದ್ದಕ್ಕೆ ಡಾಕ್ಟರ್ ದೊಡ್ಡಮನಿಯವರಿಗೆ ಒಂದು ಎಚ್ಚರಿಕೆಯ ಪತ್ರವೂ ಬಂತು. ಅದನ್ನು ಅವರು ಫೈಲಿಗೆ ಹಚ್ಚಿ, ಮರುದಿನದ ಪ್ರವಾಸದ ಬಗ್ಗೆ ಮಾತಾಡಿದರು. ನಾನು ಕ್ಷಮೆ ಕೇಳಲು ಹೋದಾಗ, "ಒಂದು ಕಾಗದರಿ ಅದು" ಎಂದದ್ದು ಬಿಟ್ಟರೆ ಅದರ ಬಗ್ಗೆ ಬದುಕಿರುವ ತನಕ ಬಾಯಿ ಬಿಡಲಿಲ್ಲ.

ಆ ಮೇಲೆ ನಮ್ಮ ಕೆಲಸದ ರೀತಿಯೇ ಬೇರೆಯಾಯಿತು. ಪ್ರಶ್ನೆಪತ್ರಿಕೆಗಳು ಮೂಲೆ ಸೇರಿದವು. ಏನು ಮಾಡಿದರು, ಏನು ಬಿಟ್ಟರು ಎಂದು ಬರೆದುಕೊಳ್ಳುವ ಫಾರ್ಮು ಬಂತು. ಇಂಟರ್ನಿಗಳಿಗೆ ಸೂಲಗಿತ್ತಿಯರ ಜೊತೆ ಕುಳಿತು ಕಲಿಯುವ ದಿನಗಳನ್ನು ಡಾಕ್ಟರು ಪಠ್ಯಕ್ರಮದಲ್ಲೇ ಸೇರಿಸಿದರು. ಕಾಲೇಜಿನಲ್ಲಿ ಇದಕ್ಕೆ ನಕ್ಕವರಿದ್ದರು. ನಾನು ಈಗ ಕೆಲಸಕ್ಕೆ ಸೇರುವವರಿಗೆ ಹೇಳುವುದಿಷ್ಟೇ: ನಿಮ್ಮ ಫಾರ್ಮಿನಲ್ಲಿ ಒಬ್ಬರಿಗೆ ಸೊನ್ನೆ ಬಂದಾಗ, ಅದು ಯಾರ ಸೊನ್ನೆ ಎಂದು ಒಮ್ಮೆ ಹೋಗಿ ನೋಡಿ ಬನ್ನಿ. ಹೋಗಲು ಬಸ್ಸು ಇರುವುದಿಲ್ಲ, ಊಟ ಹೊತ್ತಿಗೆ ಸಿಗುವುದಿಲ್ಲ. ಆದರೂ ಹೋಗಿ.

ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಎಂಬತ್ತರ ದಶಕ ಶುರುವಾಗಿತ್ತು. ಶ್ರೀಧರ ಇಂಟರ್ನಿಯ ಅವಧಿ ಮುಗಿಸಿ, ತಾನಾಗಿಯೇ ಕೇಳಿಕೊಂಡು ಹಿರೇಕೆರೂರು ತಾಲೂಕಿನ ಒಂದು ದವಾಖಾನೆಗೆ ಡಾಕ್ಟರಾಗಿ ಬಂದಿದ್ದ. ಒಂದು ದಿನ ನಾನು ಅಲ್ಲಿಯ ಹೊಸ ಇಂಟರ್ನಿಗಳ ಕೆಲಸ ನೋಡಲು ಹೋಗಿದ್ದೆ. ಹನ್ನೊಂದು ಗಂಟೆಗೆ ಒಂದು ಎತ್ತಿನ ಚಕ್ಕಡಿ ಬಂತು. ಒಳಗೆ ಬಸುರಿ, ಪಕ್ಕದಲ್ಲಿ ಅವಳ ಅವ್ವ. ಚಕ್ಕಡಿಯ ಜೊತೆಗೇ ನಡೆಯುತ್ತ ಯಮನವ್ವ. ಬಸುರಿಯ ಅವ್ವ ದಾರಿಯುದ್ದಕ್ಕೂ ಬೈಯುತ್ತ ಬಂದಿದ್ದಳೆಂದು ಕಾಣುತ್ತದೆ. ಇಳಿಯುತ್ತಲೂ ಅದನ್ನೇ ಮುಂದುವರಿಸಿದ್ದಳು: "ಮೂವತ್ತು ವರ್ಷ ಹೆರಿಗಿ ಮಾಡಿಸ್ಯಾಳ, ಈಗ ನನ್ನ ಮಗಳಿಗೆ ಕೈ ಹಚ್ಚೂದಿಲ್ಲಂತ!"

ಯಮನವ್ವ ಅತ್ತ ಕಿವಿಗೊಡದೆ ಶ್ರೀಧರನ ಹತ್ತಿರ ಬಂದಳು. "ಕೂಸು ಕಾಲ ಮುಂದ ಮಾಡೈತ್ರಿ. ತಲಿ ಮ್ಯಾಲ ಐತಿ, ಎದಿ ಕೆಳಗ ಕೈಗೆ ಸಿಗತೈತಿ. ಇದು ನನ್ನ ಕೈಲೆ ಆಗೂದಲ್ಲ. ಮೊದಲ ಇಂಥದ್ದಕ್ಕೂ ಕೈ ಹಾಕ್ತಿದ್ನಿ. ಎರಡು ಕಳಕೊಂಡೇನಿ. ಇನ್ನ ಹಾಕೂದಿಲ್ಲ."

ಶ್ರೀಧರ ಪರೀಕ್ಷಿಸಿ ನೋಡಿದ. ಅವಳು ಹೇಳಿದಂತೆಯೇ ಇತ್ತು. ದೊಡ್ಡ ಆಸ್ಪತ್ರೆಗೆ ಕಳಿಸುವಷ್ಟು ಹೊತ್ತು ಉಳಿದಿರಲಿಲ್ಲ. ಯಮನವ್ವ ವರಾಂಡದಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಶ್ರೀಧರ ಬಾಗಿಲಿಗೆ ಬಂದು, ಈಗ ಅವನಿಗೂ ಬಂದಿದ್ದ ನಮ್ಮ ಮಾತಿನಲ್ಲಿ, "ಅವ್ವಾ, ಯಾಕ ಹೊರಗ ಕುಂತಿ? ಕೈ ತೊಳಕೊಂಡು ಒಳಗ ಬಾ" ಎಂದ.

ನಾನೂ ಒಳಗಿದ್ದೆ. ಮೊದಲು ಕಾಲು ಬಂದವು, ಆಮೇಲೆ ಮೈ. ಶ್ರೀಧರ ಎಳೆಯಲಿಲ್ಲ, ಕಾದ. ತೋಳು ಬಿಡಿಸಿದ, ಮೈಯನ್ನು ಅಂಗೈ ಮೇಲೆ ಹೊತ್ತು, ಕೊನೆಗೆ ತಲೆಯನ್ನು ಮೆಲ್ಲಗೆ ಮೇಲಕ್ಕೆತ್ತಿ ಹೊರತಂದ. ಹೆಣ್ಣುಕೂಸು ಆಗಲೇ ಅಳತೊಡಗಿತು. ನಾನು ಫಾರ್ಮಿನ ಎಲ್ಲ ಸಾಲುಗಳಿಗೂ ಗುರುತು ಹಾಕಿದೆ, ಒಂದೂ ಬಿಡಲಿಲ್ಲ. ಅಂಥ ಅಚ್ಚುಕಟ್ಟಾದ ಕೆಲಸವನ್ನು ನಾನು ಆವರೆಗೆ ನೋಡಿರಲಿಲ್ಲ.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಶ್ರೀಧರ ಕೇಳಿದ, "ಹೆಂಗಾತು ಅವ್ವಾ?"

"ಛಲೋ ಆತು ಬಿಡಪಾ. ನಾ ಆಗಿದ್ರ ಆ ಕೂಸು ಉಳೀತಿರಲಿಲ್ಲ" ಎಂದಳು ಯಮನವ್ವ. ಸ್ವಲ್ಪ ತಡೆದು, "ಒಂದು ಹೇಳಲ್ಯಾ?" ಎಂದಳು.

"ಹೇಳು."

"ಎಲ್ಲಾರೂ ಕೂಸಿನ ಕಡೆ ನೋಡಾಕತ್ತಿದ್ರಿ. ಆ ಹುಡಿಗಿ ಬೆನ್ನ ಹಿಂದ ಯಾರೂ ಇರಲಿಲ್ಲ. ಹಿಡಕೊಳ್ಳಾಕ ಕೈ ಹುಡಿಕ್ಯಾಡಿದ್ಲು. ಕಡೀಕ ನಾ ಹೋಗಿ ಕೊಟ್ನಿ."

ಶ್ರೀಧರ ಮತ್ತೆ ಒಳಗೆ ಹೋದ. ಕಿಟಕಿಯಿಂದ ನೋಡಿದೆ. ಆ ಬಾಣಂತಿಯ ಮಂಚದ ಪಕ್ಕ ಕುಳಿತು, ಅವಳ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದ. ಅವಳು ಅಳುತ್ತ ನಗುತ್ತಿದ್ದಳು.

ನೋಡುವುದೇ ನನ್ನ ಕೆಲಸ. ಅದೇ ಕೋಣೆಯಲ್ಲಿ, ಆ ಹುಡುಗಿಗೆ ಎರಡು ಮಾರು ದೂರದಲ್ಲಿ ನಿಂತಿದ್ದೆ, ಆದರೂ ಅವಳ ಕೈ ನನಗೆ ಕಂಡಿರಲಿಲ್ಲ. ಮರುದಿನ ಕಚೇರಿಗೆ ಹೋದವಳೇ ಫಾರ್ಮಿನ ಮೊದಲ ಸಾಲಿಗಿಂತ ಮೇಲೆ ಜಾಗ ಮಾಡಿ, ಹೊಸದೊಂದು ಸಾಲು ಸೇರಿಸಿದೆ: ಹೆರುವವಳ ಕೈ ಯಾರು ಹಿಡಿದಿದ್ದರು?